ಅತ್ತೆಯ ಹರಕೆ, ಸೊಸೆಯ ಗೆರೆ

ಶಿರಾದಲ್ಲಿ ಗುಟ್ಟು ಬಚ್ಚಿಡಲು ಜಾಗವೇ ಇಲ್ಲ ಎಂಬುದು ಪ್ರಭುದೇವನ ಬಹುದಿನದ ದೂರು. ಅವನು ತನ್ನ ಪಂಪ್‌ಸೆಟ್ ಅಂಗಡಿಯಲ್ಲಿ ಸೀನಿದರೆ ಮನೆಯಲ್ಲಿ ಕಷಾಯ ಕುದಿಯುತ್ತಿರುತ್ತದೆ. ಇಂಥ ಊರಲ್ಲಿ, ಮದುವೆಯಾಗಿ ನಾಲ್ಕು ವರ್ಷವಾದರೂ ತೊಟ್ಟಿಲು ಕಟ್ಟದವನ ಪಾಡು ಕೇಳಬೇಕೆ! ಎದುರು ಮನೆಯ ಖಾಜಾಬಿ ದಿನಾ ಬೆಳಿಗ್ಗೆ, "ಏನ್ ಬೇಟಾ, ಏನಾದ್ರೂ ವಿಶೇಷ?" ಎನ್ನುವಳು. "ಏನಿಲ್ಲ ಖಾಲಾ" ಎಂದು ಇವನು ಸ್ಕೂಟರ್ ಒದೆಯುವನು.

ತುಮಕೂರಿನ ಡಾಕ್ಟರಮ್ಮ ಇಬ್ಬರನ್ನೂ ಪರೀಕ್ಷಿಸಿ, "ಯಾರಲ್ಲೂ ತೊಂದರೆ ಇಲ್ಲ, ದಿನ ನೋಡ್ಕೊಳ್ಳಿ" ಎಂದು ಅವನ ಹೆಂಡತಿ ಭುವನಾಳ ಕೈಗೆ ಒಂದಿಷ್ಟು ಸ್ಟ್ರಿಪ್ ಕೊಟ್ಟಿದ್ದರು. ಮುಟ್ಟಿನ ದಿನಗಳು ಕಳೆದ ಮೇಲೆ ದಿನಾ ಮೂತ್ರದಲ್ಲಿ ಅದ್ದಿ ನೋಡಬೇಕು. ಎರಡು ಗೆರೆಗಳೂ ಒಂದೇ ಸಮ ಕಡುವಾಗಿ ಮೂಡಿದರೆ ಅಂಡ ಹೊರಬರುವ ಹೊತ್ತು ಹತ್ತಿರವಾಯಿತೆಂದು ಅರ್ಥ; ಆಗ ಗಂಡ ಹೆಂಡತಿ ದೂರ ಇರಬಾರದು. (ಕರೆಂಟು ಬರುವ ಹೊತ್ತು ಕಾದು ಹೊಲಕ್ಕೆ ನೀರು ಬಿಡುವ ರೈತರನ್ನು ದಿನಾ ನೋಡುವ ಪ್ರಭುದೇವನಿಗೆ ಇದು ತಟ್ಟನೆ ಅರ್ಥವಾಯಿತು.)

ಅಮ್ಮನಿಗೆ ಮಾತ್ರ ಹೇಳಕೂಡದೆಂದು ಅವನು ಹೆಂಡತಿಯಿಂದ ಆಣೆ ಹಾಕಿಸಿಕೊಂಡ.

"ಹೇಳಿದ್ರೆ ಏನಾಗುತ್ತೆ?"

"ನಾಚ್ಕೆಯಿಂದ ನಾನು ಸತ್ತೋಗ್ತೀನಿ, ಅಷ್ಟೇ ಆಗೋದು!"

ಅತ್ತ ಅಮ್ಮ ದಾಕ್ಷಾಯಣಮ್ಮನೂ ಸುಮ್ಮನೆ ಕೂತಿರಲಿಲ್ಲ. ಮೊಮ್ಮಗುವಿಗಾಗಿ ಮನೆದೇವರಿಗೆ ಹರಕೆ ಹೊತ್ತಿದ್ದರು: ಮಗ ಸೊಸೆ ಐದು ದಿನ ನೇಮದಲ್ಲಿರಬೇಕು. ಒಪ್ಪೊತ್ತು ಊಟ, ಚಾಪೆಯ ಮೇಲೆ ನಿದ್ದೆ. ಸೊಸೆ ದೇವರ ಕೋಣೆಯಲ್ಲಿ ಅತ್ತೆಯ ಪಕ್ಕ, ಮಗ ನಡುಮನೆಯಲ್ಲಿ ಅಪ್ಪ ನಂದೀಶ್ವರಯ್ಯನವರ ಗೊರಕೆಯ ಪಕ್ಕ. ನೇಮ ಹಿಡಿಯಬೇಕಾದ ಸೋಮವಾರ ಬೆಳಿಗ್ಗೆಯೇ ಭುವನಾ ಬಚ್ಚಲಿನಿಂದ ಸಪ್ಪೆ ಮುಖ ಮಾಡಿಕೊಂಡು ಬಂದಳು.

"ರೀ, ಎರಡೂ ಗೆರೆ ಒಂದೇ ಸಮ ಬಂದ್ಬುಟ್ಟಿದೆ."

"ಇವತ್ತಾ! ಅದಕ್ಕೆ ಬೇರೆ ದಿನ ಸಿಗ್ಲಿಲ್ವಾ?"

"ನಾನೇನು ಎಲೆ ಅಡಿಕೆ ಕೊಟ್ಟು ಕರೆದ್ನಾ? ಹೋದ ತಿಂಗಳು ನೀವು ಪಾವಗಡಕ್ಕೆ ಮೋಟ್ರು ಇಳಿಸೋಕೆ ಹೋದ್ರಿ. ಈ ತಿಂಗಳು ದೇವರು ಅಡ್ಡ ಬಂದ. ನಂಗೆ ಮಗು ಬೇಕು ಕಣ್ರೀ."

ಅವಳ ಕಣ್ಣು ತುಂಬಿದ್ದು ಕಂಡು ಪ್ರಭುದೇವ ಲುಂಗಿ ಎತ್ತಿ ಕಟ್ಟಿದ. ರಣರಂಗಕ್ಕೆ ಹೊರಟ ವೀರನಂತೆ ಅಡುಗೆಮನೆಗೆ ನಡೆದ.

"ಅಮ್ಮಾ, ನೇಮ ಮುಂದಿನ ವಾರಕ್ಕೆ ಹಾಕೋಣ. ಸೊಂಟ ನೋವು, ಚಾಪೆ ಆಗಲ್ಲ."

"ಹಂಗಾರೆ ಬಾ, ಹರಳೆಣ್ಣೆ ಹಚ್ಚಿ ಉಜ್ತೀನಿ."

"ಅಂಗಡೀಲೂ ಕೆಲ್ಸ ಜಾಸ್ತಿ..."

"ಅಂಗಡಿಗೂ ನೇಮಕ್ಕೂ ಏನ್ಲಾ ಸಂಬಂಧ? ಮಕ್ಕಳಾಗ್ಲಿ ಅಂತ ಹೊತ್ತ ಹರಕೆ ಕಣೋ ಇದು!"

"ಮಕ್ಕಳಾಗ್ಲಿ ಅಂತಾನೇ ನಾನೂ ಬಡ್ಕೊತಿರೋದು!"

ಬಾಯಿ ಜಾರಿಯೇಬಿಟ್ಟಿತು. ಬಾಗಿಲ ಹಿಂದಿದ್ದ ಭುವನಾ ಮುಂದೆ ಬಂದು, ಅತ್ತೆಗೆ ಗೆರೆ ತೋರಿಸಿ, ಎಲ್ಲವನ್ನೂ ಬಿಡಿಸಿ ಹೇಳಿದಳು. ಅಷ್ಟು ಹೊತ್ತೂ ಪ್ರಭುದೇವ ಸೂರಿನ ಜೇಡರಬಲೆ ನೋಡುತ್ತ ನಿಂತಿದ್ದ.

"ಅಯ್ಯೋ ಪಾಪಿ! ಮೊದ್ಲೇ ಬೊಗಳೋಕೆ ಏನಾಗಿತ್ತೋ ನಿಂಗೆ?" ದಾಕ್ಷಾಯಣಮ್ಮ ಕೂಗಿದರು. "ತಪ್ಪುಕಾಣಿಕೆ ಕಟ್ಟಿದ್ರೆ ಶಿವ ಏನೂ ಅನ್ಕೊಳ್ಳಲ್ಲ, ಅವನೂ ಹೆಂಡ್ತಿ ಮಕ್ಕಳಿರೋನೇ. ರೀ, ಏಳ್ರಿ ಮೇಲೆ! ಕಳ್ಳಂಬೆಳ್ಳಕ್ಕೆ ನನ್ನ ತಂಗಿ ಮನೆಗೆ ಹೋಗೋಣ. ಇವರಿಗೆ ಮನೆ ಖಾಲಿ ಮಾಡ್ಕೊಡ್ಬೇಕು!"

ನಂದೀಶ್ವರಯ್ಯ ಅರ್ಧ ಕುಡಿದ ಕಾಫಿ ಬಿಟ್ಟು ಚೀಲ ಹಿಡಿದು ಹೊರಟರು. ಗುಟ್ಟು ಹೇಗೋ ಮನೆಯೊಳಗೇ ಉಳಿಯಿತಲ್ಲ ಎಂದು ಪ್ರಭುದೇವ ನಿಟ್ಟುಸಿರುಬಿಟ್ಟ. ಯಾರಿಗೂ ಅನುಮಾನ ಬರದಿರಲೆಂದು ಎಂದಿನಂತೆ ಅಂಗಡಿ ತೆರೆದು ಕೂತ. ಮಧ್ಯಾಹ್ನ ಊಟದ ನೆಪದಲ್ಲಿ ಜಾರಿಕೊಳ್ಳುವುದೆಂದು ಲೆಕ್ಕ ಹಾಕಿದ್ದ.

ಬೋಣಿಯಾಗುವ ಮುಂಚೆಯೇ ಖಾಜಾಬಿ ಸಂತೆಚೀಲದ ಸಮೇತ ಬಂದು ನಿಂತಳು.

"ಅರೆ ಬೇಟಾ! ನಿಮ್ಮಮ್ಮ ಬಸ್ ಸ್ಟ್ಯಾಂಡಲ್ಲಿ ಎಲ್ಲಾ ಹೇಳಿದ್ರು. ಪಾಪ, ಆ ವಯಸ್ಸಲ್ಲಿ ಅವರು ಗಂಡ ಹೆಂಡ್ತಿ ನಿಮಗೆ ಮನೆ ಬಿಟ್ಟು ಬಸ್ ಹತ್ತಿ ಹೋದ್ರು, ನೀನಿಲ್ಲಿ ಆರಾಮಾಗಿ ಕೂತಿದೀಯಾ?"

ಗೌಡಗೆರೆಯಿಂದ ಮೋಟಾರು ಕೊಳ್ಳಲು ಬಂದಿದ್ದ ಕದಿರಯ್ಯ ಒಮ್ಮೆ ಅವಳನ್ನೂ ಒಮ್ಮೆ ಇವನನ್ನೂ ನೋಡಿದ. ಹಳ್ಳಿಯ ಮನುಷ್ಯ, ಬೇಗ ಅರ್ಥ ಮಾಡಿಕೊಂಡ.

"ನನ್ ಮೋಟ್ರು ನಾಳಿದ್ದಾದ್ರೂ ಆಯ್ತದೆ ಬುಡಪ್ಪಾ. ಕರೆಂಟು ಇರೋವಾಗ್ಲೇ ನೀರು ಬುಟ್ಕೋಬೇಕು" ಎಂದವನೇ, ಪ್ರಭುದೇವನನ್ನು ರಟ್ಟೆ ಹಿಡಿದು ಹೊರಗೆಳೆದು, ತಾನೇ ಶಟರ್ ಎಳೆದ.