ಹದಿನೇಳನೆಯ ಮಹಡಿಯ ಗದ್ದೆ

ಗಲ್ಫಿಗೆ ಬಂದವನಿಗೆ ಒಂದು ಗುರಿ ಇರಲೇಬೇಕು. ಇಲ್ಲಿ ಊರಿನವರಿಬ್ಬರು ಲಿಫ್ಟಿನಲ್ಲಿ ಸಿಕ್ಕಿದರೂ ಸಾಕು, ನೆಲಮಹಡಿ ಬರುವುದರೊಳಗೆ ಒಬ್ಬರ ಗುರಿಯನ್ನು ಇನ್ನೊಬ್ಬರು ವಿಚಾರಿಸಿ ಮುಗಿಸಿರುತ್ತಾರೆ. ಒಬ್ಬನಿಗೆ ಊರಲ್ಲಿ ತಾರಸಿ ಮನೆ, ಒಬ್ಬನಿಗೆ ತಂಗಿಯ ಮದುವೆ, ಮತ್ತೊಬ್ಬನಿಗೆ ಕೆನಡಾ. ಎಲ್ಲವೂ ಗೌರವಸ್ಥ ಗುರಿಗಳು. ನನ್ನದನ್ನು ಕೇಳಿದವರು ಮಾತ್ರ ಒಂದು ಕ್ಷಣ ನನ್ನ ಮುಖ ನೋಡಿ, ಆಮೇಲೆ ಹೊರಗಿನ ಸೆಖೆಯ ಬಗ್ಗೆ ಮಾತು ತೆಗೆಯುತ್ತಿದ್ದರು. ನನಗೆ ಅಬುಧಾಬಿಯ ಅಲ್ ರೀಮ್ ಐಲ್ಯಾಂಡಿನಲ್ಲಿ, ಹದಿನೇಳನೆಯ ಮಹಡಿಯ ಬಾಡಿಗೆ ಫ್ಲಾಟಿನಲ್ಲಿ, ಭತ್ತ ಬೆಳೆಯಬೇಕಿತ್ತು. ಮೂಟೆಗಟ್ಟಲೆ ಏನೂ ಅಲ್ಲ. ಒಂದೆರಡು ತೆನೆ ಸಾಕಿತ್ತು.

ಇದಕ್ಕೆ ಕಾರಣ ನಮ್ಮ ಮೊಂತಿ ಹಬ್ಬ. ನಾವು ಕರಾವಳಿಯ ಕೊಂಕಣಿ ಕ್ರೈಸ್ತರು. ಸೆಪ್ಟೆಂಬರಿನಲ್ಲಿ ಮರಿಯಮ್ಮನವರ ಹುಟ್ಟುಹಬ್ಬದಂದೇ ನಮಗೆ ತೆನೆಹಬ್ಬ. ಇಗರ್ಜಿಯಲ್ಲಿ ಪಾದ್ರಿಗಳು ಹೊಸ ತೆನೆಗಳನ್ನು ಆಶೀರ್ವದಿಸುತ್ತಾರೆ, ಮನೆಗೊಂದರಂತೆ ಹಂಚುತ್ತಾರೆ. ಅದರ ಕಾಳು ಸುಲಿದು ಪಾಯಸಕ್ಕೆ ಹಾಕಿ ಮನೆಮಂದಿಯೆಲ್ಲ ಒಟ್ಟಿಗೆ ಕೂತು ಉಣ್ಣಬೇಕು. ಮೀನಿಲ್ಲದ ಊಟವನ್ನು ನಾವು ನಗುನಗುತ್ತಾ ಉಣ್ಣುವ ದಿನ ವರ್ಷದಲ್ಲಿ ಅದೊಂದೇ ಇರಬೇಕು. ಮರಳುಗಾಡಿನಲ್ಲಿ ತೆನೆ ಎಲ್ಲಿಂದ ಬರಬೇಕು? ಊರಿನಿಂದ ಯಾರದಾದರೂ ಬ್ಯಾಗಿನಲ್ಲಿ ವಿಮಾನ ಹತ್ತಿ ಬರುತ್ತದೆ. ಒಂದು ವರ್ಷ ಆ ಬ್ಯಾಗು ದಾರಿ ತಪ್ಪಿ ಬೇರೆ ಯಾವುದೋ ದೇಶಕ್ಕೆ ಹೋಯಿತು. ಅಂದು ರಾತ್ರಿ ಅಲ್ ಬರ್ಷಾದಲ್ಲಿರುವ ರೋನಿ ಬಾವನ ಮನೆಯಲ್ಲಿ, ಅಂದರೆ ನನ್ನ ಹೆಂಡತಿ ಐರಿನಳ ಅಣ್ಣನ ಮನೆಯಲ್ಲಿ, ಪಾಯಸಕ್ಕೆ ಸೂಪರ್‌ಮಾರ್ಕೆಟ್ಟಿನ ಬಾಸ್ಮತಿ ಬಿತ್ತು. ನಾನು ಬಟ್ಟಲನ್ನು ಪಕ್ಕಕ್ಕೆ ಸರಿಸಿದೆ. ಕೂತವರೆಲ್ಲ ಕೇಳುವಂತೆ, ಮುಂದಿನ ವರ್ಷ ನಮ್ಮ ತೆನೆಯನ್ನು ನಾನೇ ಬೆಳೆದು ತರುತ್ತೇನೆ ಎಂದುಬಿಟ್ಟೆ. ಬಾವ ಸೌಟು ಕೆಳಗಿಟ್ಟು ನಕ್ಕರು. ಆಫೀಸಿನ ಗಿಡಕ್ಕೆ ನೀರು ಹಾಕಲು ನೆನಪಿಲ್ಲದವನು ಬೇಸಾಯ ಮಾಡುತ್ತಾನಂತೆ ಎಂದರು. ಆ ನಗೆಯನ್ನು ನಿಲ್ಲಿಸುವುದೇ ನನ್ನ ಬದುಕಿನ ಗುರಿಯಾಯಿತು.

ಊರಿನಲ್ಲಿ ನನ್ನ ಸೋದರಮಾವ ಬೆಂಜಮಿನ್ ಮಾಮನಿಗೆ ಇಂದಿಗೂ ಗದ್ದೆ ಉಂಟು. ರಜೆಯಲ್ಲಿ ಹೋದಾಗ ಅವರು ಒಂದು ಹಿಡಿ ಬೀಜದ ಭತ್ತ ಕಟ್ಟಿಕೊಟ್ಟರು. ಸೆಪ್ಟೆಂಬರಿಗೆ ತೆನೆ ಬೇಕಾದರೆ ಮೇ ತಿಂಗಳಲ್ಲಿ ಬಿತ್ತಬೇಕು, ಆಗ ಮಳೆ ಹಿಡಿಯುತ್ತದೆ ಎಂದರು. ಅಬುಧಾಬಿಯಲ್ಲಿ ಮೇ ತಿಂಗಳಲ್ಲಿ ಹಿಡಿಯುವುದು ತಲೆನೋವು ಮಾತ್ರ ಎಂದು ನಾನು ಅವರಿಗೆ ಹೇಳಲಿಲ್ಲ. ಮಗಳ ಹಳೆಯ ಸ್ನಾನದ ಟಬ್ಬಿಗೆ ನರ್ಸರಿಯ ಮಣ್ಣು ತುಂಬಿ, ನೀರು ನಿಲ್ಲಿಸಿ, ಬಾಲ್ಕನಿಯಲ್ಲಿ ಬಿತ್ತಿದೆ. ಹಸಿರು ಮೊಳಕೆ ಬಂತು. ಒಂದು ಮಧ್ಯಾಹ್ನ ಆಫೀಸಿನಿಂದ ಬಂದು ಟಬ್ಬಿಗೆ ಕೈ ಹಾಕಿದೆ, ಸ್ನಾನಕ್ಕೆ ಕಾಯಿಸಿದ ನೀರಿನಂತಿತ್ತು. ಸಸಿಗಳು ಮೆತ್ತಗೆ ಬೆಂದು ಮಲಗಿದ್ದವು. ಭತ್ತ ಆಗುವ ಮೊದಲೇ ಅದನ್ನು ಕುಚ್ಚಲಕ್ಕಿ ಮಾಡಿದ ಕೃಷಿಕ ಪ್ರಪಂಚದಲ್ಲಿ ನಾನೊಬ್ಬನೇ ಇರಬೇಕು.

ಎರಡನೆಯ ವರ್ಷ ಬುದ್ಧಿ ಉಪಯೋಗಿಸಿ ಟಬ್ಬನ್ನು ಹಾಲಿನೊಳಗೆ, ಏಸಿಯ ತಂಪಿನಲ್ಲಿ ಇಟ್ಟೆ. ಭತ್ತ ಸೋಫಾಕ್ಕಿಂತ ಎತ್ತರ ಬೆಳೆಯಿತು. ಮನೆಗೆ ಬಂದವರೆಲ್ಲ ಮೆಚ್ಚಿದರು. ಪಕ್ಕದ ಫ್ಲಾಟಿನ ಹೆಂಗಸು ಈ ಅಲಂಕಾರದ ಹುಲ್ಲು ಎಲ್ಲಿ ಸಿಗುತ್ತದೆ ಎಂದು ವಿಚಾರಿಸಿದರು. ಅವರು ಹೇಳಿದ್ದೇ ಸರಿ, ಅದು ಕೊನೆಯವರೆಗೂ ಹುಲ್ಲಾಗಿಯೇ ಉಳಿಯಿತು. ಬಿಸಿಲು ಕಾಣದ ಗಿಡ ತೆನೆ ಯಾಕೆ ಬಿಡುತ್ತದೆ? ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಐರಿನ್, ನಿಂತ ನೀರು, ಸೊಳ್ಳೆ, ಡೆಂಗಿ ಎಂದು ನನಗೆ ತಿಂಗಳಿಡೀ ಪಾಠ ಮಾಡಿದಳು.

ಮೂರನೆಯ ವರ್ಷ ಬಾಲ್ಕನಿಗೆ ಹಳೆಯ ಸೀರೆಯ ಚಪ್ಪರ ಹಾಕಿ, ಮಧ್ಯಾಹ್ನ ಟಬ್ಬಿಗೆ ಐಸ್ ಕ್ಯೂಬ್ ಸುರಿಯುವ ಪದ್ಧತಿ ಜಾರಿಗೆ ತಂದೆ. ಆಗಸ್ಟಿನಲ್ಲಿ ತೆನೆ ಹೊರಟಿತು. ನಿಜವಾದ ತೆನೆ. ನನ್ನ ಕಣ್ಣಲ್ಲಿ ನೀರು ಬಂತು, ಹೇಳಲು ನಾಚಿಕೆ ಇಲ್ಲ. ಕೂಡಲೇ ಫೋಟೋ ತೆಗೆದು ವಾಟ್ಸಾಪಿನಲ್ಲಿ ಬಾವನಿಗೂ ಮಾಮನಿಗೂ ಕಳಿಸಿದೆ. ಬಾವ ಉತ್ತರ ಕೊಡಲಿಲ್ಲ, ಸೋತರು ಅಂದುಕೊಂಡೆ. ಮಾಮ ಮಾತ್ರ ಫೋನ್ ಮಾಡಿದರು.

"ನೆಟ್ಟಗೆ ನಿಂತಿದೆಯಲ್ಲ ಮಾರಾಯ, ಒಳಗೆ ಎಂತದೂ ಇಲ್ಲ. ಹೂ ಬಿಡುವಾಗ ಬಿಸಿ ತಾಗಿದೆ. ಅದು ಪೂರಾ ಜೊಳ್ಳು."

ಹಿಚುಕಿ ನೋಡಿದೆ, ಬರೀ ಸಿಪ್ಪೆ. ಈ ಸುದ್ದಿ ಬಾವನಿಗೆ ಹೇಗೆ ಮುಟ್ಟಿತೋ, ಆ ವರ್ಷ ಹಬ್ಬದ ಊಟದಲ್ಲಿ ನನ್ನನ್ನು 'ಜೊಳ್ಳು ಜಮೀನ್ದಾರ' ಎಂದು ಕರೆದು ಎಲ್ಲರಿಗೂ ಪರಿಚಯ ಮಾಡಿಸಿದರು. ನಗಬೇಕಾದ ಕಡೆ ನಾನೂ ನಕ್ಕೆ. ಮನಸ್ಸಿಗೆ ಚೆನ್ನಾಗಿಯೇ ನೋವಾಗಿತ್ತು.

ನಾಲ್ಕನೆಯ ವರ್ಷ ಯಾರಿಗೂ ಹೇಳಲಿಲ್ಲ. ಟಬ್ಬಿಗೆ ಚಕ್ರ ಕಟ್ಟಿದೆ. ಬೆಳಗಿನ ಬಿಸಿಲಿಗೆ ಹೊರಗೆ, ಬಿಸಿಲೇರುತ್ತಲೇ ಒಳಗೆ, ಸಂಜೆ ಮತ್ತೆ ಹೊರಗೆ. ನಾನು ಆಫೀಸಿನಲ್ಲಿದ್ದಾಗ ಎಳೆಯುವವರು ಬೇಕಲ್ಲ? ಹಾಗಾಗಿ ಆ ಬೇಸಗೆ ಊರಿಗೆ ಹೋಗುವುದು ಬೇಡ ಎಂದೆ.

"ಊರಲ್ಲಿ ಗದ್ದೆ ತುಂಬಾ ಭತ್ತ ಉಂಟು," ಎಂದಳು ಐರಿನ್. "ಅದನ್ನು ನೋಡುವುದು ಬಿಟ್ಟು ಇಲ್ಲಿ ಟಬ್ಬಿಗೆ ಕಾವಲು ಕೂರಬೇಕಾ ನಾವು?"

ಆದರೂ ಅವಳು ಟಬ್ಬು ಎಳೆದಳು. ಮಗಳೂ ಎಳೆದಳು. ಆಗಸ್ಟ್ ಮುಗಿಯುವಾಗ ಒಂದು ಬೆಳಿಗ್ಗೆ ಮಗಳೇ ಬಂದು ನನ್ನನ್ನು ಎಬ್ಬಿಸಿ, "ಡ್ಯಾಡಾ, ಇಟ್ ಈಸ್ ಬೆಂಡಿಂಗ್" ಎಂದಳು. ಹೌದು, ಬಾಗಿತ್ತು. ಬಡಕಲು ತೆನೆಗಳು, ಎಣಿಸಿದರೆ ಮೂರು. ಆದರೆ ಹಿಚುಕಿದರೆ ಒಳಗೆ ಕಾಳು ಸಿಗುತ್ತಿತ್ತು. ಈ ಸಲ ಹಬ್ಬದೂಟ ನಮ್ಮ ಮನೆಯಲ್ಲೇ. ಬಾವ ಪಾಯಸ ಬಾಯಿಗಿಟ್ಟ ಮೇಲೆ ನಿಧಾನವಾಗಿ ವಿಷಯ ತಿಳಿಸುವುದು ಎಂದು ತೀರ್ಮಾನಿಸಿದೆ. ಹೇಳಬೇಕಾದ ಮಾತನ್ನು ಕನ್ನಡಿಯ ಮುಂದೆ ಅಭ್ಯಾಸ ಕೂಡ ಮಾಡಿದೆ.

ಒಂದು ತೆನೆಯನ್ನು ಮನೆಯಲ್ಲೇ ಉಳಿಸಿಕೊಳ್ಳೋಣ ಎಂದದ್ದಕ್ಕೆ ಐರಿನ್, ದೇವರ ಹತ್ತಿರ ಚೌಕಾಸಿ ಬೇಡ ಎಂದಳು. ಮೂರನ್ನೂ ಇಗರ್ಜಿಗೆ ಒಯ್ದು ಸ್ವಯಂಸೇವಕನ ಬುಟ್ಟಿಗೆ ಹಾಕಿದೆ. ಯಾವ ಬುಟ್ಟಿ ಎಂದು ಗುರುತಿಟ್ಟುಕೊಂಡು, ಹಂಚುವಾಗ ಅದೇ ಸಾಲಿನಲ್ಲಿ ನಿಲ್ಲುವ ಉಪಾಯ ನನ್ನದು. ಬಲಿಪೂಜೆಯಿಡೀ ನನ್ನ ಕಣ್ಣು ಬುಟ್ಟಿಯ ಮೇಲೆಯೇ ಇತ್ತು. ಆಶೀರ್ವಾದ ಮುಗಿದದ್ದೇ ಆ ಸ್ವಯಂಸೇವಕ ಎಲ್ಲ ಬುಟ್ಟಿಗಳನ್ನೂ ಒಂದು ದೊಡ್ಡ ಬುಟ್ಟಿಗೆ ಸುರಿದು ಕೈಯಾಡಿಸಿಬಿಟ್ಟ. ನನ್ನ ಸರದಿ ಬಂದಾಗ ಸಿಕ್ಕಿದ್ದು ಊರಿನಿಂದ ಬಂದ, ಮೈತುಂಬಿದ, ಹೊಂಬಣ್ಣದ ತೆನೆ. ಅಷ್ಟು ಚಂದದ ತೆನೆಯನ್ನು ಅಷ್ಟು ದುಃಖದಿಂದ ಯಾರೂ ಕೈಯಲ್ಲಿ ಹಿಡಿದಿರಲಾರರು.

ಪಾರ್ಕಿಂಗಿಗೆ ಬಂದಾಗ ನಮ್ಮ ಕಾರಿನ ಪಕ್ಕದಲ್ಲಿ ಒಬ್ಬರು ಹೆಂಡತಿಯ ಹತ್ತಿರ ಗೊಣಗುತ್ತಿದ್ದರು. ಮದೀನತ್ ಜಾಯೆದ್‌ನಿಂದ ಇಷ್ಟು ದೂರ ಬಂದವರಿಗೆ ಇಂಥ ಒಣಕಲು ತೆನೆಯಾ ಕೊಡುವುದು ಎಂದು. ನೋಡಿದೆ. ತುದಿಯನ್ನು ಪಾರಿವಾಳ ಕುಕ್ಕಿತ್ತು. ನಮ್ಮ ಬಾಲ್ಕನಿಯಿಂದ ಆ ಪಾರಿವಾಳವನ್ನು ಓಡಿಸಿದವನೇ ನಾನು. ಎರಡೇ ಹೆಜ್ಜೆಗೆ ಅವರ ಮುಂದೆ ನಿಂತು ಕೈಯಲ್ಲಿದ್ದ ಹೊಂಬಣ್ಣದ ತೆನೆ ಚಾಚಿದೆ.

"ಇದನ್ನು ನೀವು ತೆಗೊಳ್ಳಿ, ಅದನ್ನು ನಮಗೆ ಕೊಡಿ."

ಅವರು ತಬ್ಬಿಬ್ಬಾದರು. ಬೇಡ ಬೇಡ ಎಂದರು. ನಾನು ಸ್ವಲ್ಪ ಜೋರಾಗಿಯೇ ಅವರ ಕೈಯಿಂದ ಬಿಡಿಸಿಕೊಂಡೆ. ಅವರ ಕಣ್ಣು ಒದ್ದೆಯಾಯಿತು. ಪಾರ್ಕಿಂಗ್ ಸಿಗದೆ ಪೂಜೆಗೆ ತಡವಾಗಿ ಬಂದಿದ್ದ ರೋನಿ ಬಾವ ಅಷ್ಟರಲ್ಲಿ ಅಲ್ಲಿಗೆ ಬಂದರು. ಆ ಮನುಷ್ಯ ಬಾವನ ಎರಡೂ ಕೈ ಹಿಡಿದು, ಇವರು ತಮ್ಮ ಒಳ್ಳೆಯ ತೆನೆ ಕೊಟ್ಟು ನಮ್ಮ ಕೆಟ್ಟದ್ದನ್ನು ತೆಗೆದುಕೊಂಡರು, ಈ ಕಾಲದಲ್ಲಿ ಇಂಥವರು ಎಲ್ಲಿ ಸಿಗುತ್ತಾರೆ ಎಂದು ಹೇಳಿಯೇ ಹೇಳಿದರು. ಬಾವ ನನ್ನನ್ನು ನೋಡಿದರು. ಮದುವೆಯಾದಾಗಿನಿಂದ ಅವರ ಕಣ್ಣಲ್ಲಿ ನನ್ನ ಬಗ್ಗೆ ಕಾಣದಿದ್ದ ಮರ್ಯಾದೆ ಅಂದು ಕಂಡಿತು. ನಾನು ತೆನೆಯನ್ನು ಐರಿನಳ ಕೈಗೆ ಕೊಟ್ಟು ಕಾರಿನ ಬಾಗಿಲು ತೆರೆದೆ.

ರಾತ್ರಿ ಊಟಕ್ಕೆ ಕೂತಾಗ ಬಾವ ತಾವೇ ಎದ್ದು ನನಗೆ ಪಾಯಸ ಬಡಿಸಿದರು. "ಇಷ್ಟು ವರ್ಷ ನಿನ್ನನ್ನು ತಮಾಷೆ ಮಾಡಿದ್ದು ತಪ್ಪಾಯ್ತು ಫೆಲಿಕ್ಸ್. ಭತ್ತ ಯಾರು ಬೇಕಾದರೂ ಬೆಳೆಯಬಹುದು ಮಾರಾಯ. ಇಂಥ ಮನಸ್ಸು ಎಲ್ಲರಿಗೂ ಬರುವುದಿಲ್ಲ," ಎಂದರು. ಆಮೇಲೆ, ಗಾಯಕ್ಕೆ ಮುಲಾಮು ಹಚ್ಚುವಷ್ಟು ಮೆಲ್ಲಗೆ, ಈ ವರ್ಷ ಟಬ್ಬಿನಲ್ಲಿ ಏನಾದರೂ ಆಯಿತಾ ಎಂದು ಕೇಳಿದರು.

ಅಭ್ಯಾಸ ಮಾಡಿದ ಮಾತೆಲ್ಲ ನಾಲಿಗೆಯ ತುದಿಯಲ್ಲಿತ್ತು. ಮೇಜಿನ ಕೆಳಗೆ ಐರಿನಳ ಕಾಲು ನನ್ನ ಕಾಲಿನ ಮೇಲೆ ಬಂದು ಕೂತಿತು.

"ಇಲ್ಲ ಬಾವ," ಎಂದೆ. "ಈ ವರ್ಷವೂ ಎಂತದೂ ಆಗಲಿಲ್ಲ."

ಬೇಸರ ಮಾಡಿಕೊಳ್ಳಬೇಡ ಎಂದು ಬಾವ ನನ್ನ ಬೆನ್ನು ತಟ್ಟಿದರು. ಬಾಯಲ್ಲಿದ್ದ ನನ್ನ ಭತ್ತದ ಕಾಳನ್ನು ನಾನು ಸದ್ದಾಗದಂತೆ ಅಗಿದು ನುಂಗಿದೆ.