ಫ್ರೆಂಚ್ ವ್ಯಾನ್ ಗುರುತು ಹಿಡಿಯೋ ಗಂಡು

ನಂಬಲ್ಲ ಅಂತೀರಾ? ಎದುರಿಗೆ ಬಂದು ಹೇಳಿ, ನೋಡೋಣ. ಮಂಡ್ಯ ಕಡೆಯ ಹಳ್ಳೀಲಿ ಕಣ್ಣು ಮುಚ್ಕೊಂಡು, ಬರೀ ಸದ್ದು ಕೇಳಿ ಯಾವ ಲಾರಿ ಬರ್ತಿದೆ ಅಂತ ಹೇಳ್ತಿದ್ದವನು ನಾನು. ಈಗ ಅಮೆರಿಕದ ಆಬರ್ನ್ ಹಿಲ್ಸ್‌ನಲ್ಲಿ ಕಾರಿನ ಬಿಡಿಭಾಗ ಡಿಸೈನ್ ಮಾಡ್ತೀನಿ. ಅಂಥವನಿಗೂ ಹಳೇ ಫ್ರೆಂಚ್ ವ್ಯಾನ್ ಎದುರಾದಾಗಲೆಲ್ಲ ಏನಾದರೊಂದು ಆಗ್ತಾನೇ ಇರುತ್ತೆ.

ಪಕ್ಕದ ಊರು ರಾಚೆಸ್ಟರ್ ಹಿಲ್ಸ್‌ನ ಡಾಕ್ಟರ್ ಅಂಕಲ್ ಧಾರವಾಡದವರು. ಆಂಟಿಯ ಕಾಫಿ ಅಂಗಡಿಗೆ ಅಂತ ‘ಎಚ್’ ಅನ್ನೋ ಹಳೇ ಫ್ರೆಂಚ್ ವ್ಯಾನ್ ಹುಡುಕ್ತಿದ್ದರು. ಅದಕ್ಕೆ ಹಂದಿ ಮೂತಿ, ಮೈತುಂಬ ಕೊಟ್ಟಿಗೆ ಛಾವಣಿ ಶೀಟಿನಂಥ ಮಡಿಕೆ ತಗಡು. "ಅಸಲಿ ಯಾವುದು ಅಂತ ಗುರುತು ಹಿಡದವರೇ ಮೊದಲು ಓಡಿಸ್ಲಿ," ಅಂದರು ಅಂಕಲ್. ಆ ಸ್ಟೀರಿಂಗ್ ನನ್ನದೇ ಅಂತ ಅವತ್ತೇ ಆಫೀಸಿಗೆಲ್ಲ ಸಾರಿಬಿಟ್ಟೆ.

೧. ಫೋಟೋ ಸಾಕು

ಬೋಲಿಂಗ್‌ಬ್ರೂಕ್‌ನಿಂದ ಒಂದು ಫೋಟೋ ಬಂತು. "ಮಡಿಕೆ ತಗಡು! ಎಚ್ ವ್ಯಾನೇ, ನಡೀರಿ ಅಂಕಲ್," ಅಂದೆ. ಐದು ಗಂಟೆ ಡ್ರೈವ್ ಮಾಡಿಕೊಂಡು ಹೋದರೆ, ಅದೇ ಥರದ ತಗಡಿನ ಒಂದು ಪುಟಾಣಿ ಫ್ರೆಂಚ್ ವ್ಯಾನ್ ನಿಂತಿದೆ. ಅಂಕಲ್ ತಲೆ ಅದರ ಟಾಪ್‌ಗಿಂತ ಮೇಲೆ! ಅವರು ಅದಕ್ಕೆ ಒಂದು ಸುತ್ತು ಹಾಕಿ ಬಂದರು.

"ತಮ್ಮಾ, ಇದನ್ನ ಕೊಳ್ಳೋಣೋ, ದತ್ತಕ ತಗೊಳ್ಳೋಣೋ?"

೨. ನುಣ್ಣನೆ ವ್ಯಾನ್

ಮುಂದಿನ ವಾರ ಡೆಟ್ರಾಯ್ಟ್ ಹತ್ತಿರದ ಒಂದು ಶೆಡ್ಡು. ಅಲ್ಲಿದ್ದ ವ್ಯಾನ್ ಮೈ ನುಣ್ಣಗಿತ್ತು. "ಮಡಿಕೆ ಇಲ್ಲ. ಇದು ಫ್ರೆಂಚೇ ಅಲ್ಲ, ಯಾವುದೋ ಬ್ರೆಡ್ ಗಾಡಿ," ಅಂತ ಇಂಗ್ಲಿಷಲ್ಲೇ ಜೋರಾಗಿ ಹೇಳಿದೆ.

ಡ್ರೈವರ್ ಬಾಗಿಲು ಪಕ್ಕಕ್ಕೆ ಜಾರಿತು. ಒಳಗೆ ಅದರ ಮಾಲೀಕ, ವಯಸ್ಸಾದವನು. "ಇದು ಎಸ್ಟಫೆಟ್, ಫ್ರೆಂಚ್ ವ್ಯಾನೇ. ಫ್ರಾನ್ಸ್‌ನಿಂದ ನಾನೇ ತಂದದ್ದು," ಅಂದವನೇ ಬಾಗಿಲು ವಾಪಸ್ ಎಳೆದುಕೊಂಡ.

"ಎಚ್ ವ್ಯಾನ್ ಎಲ್ಲಿ ಸಿಗ್ತದ ಅಂತ ಇವರನ್ನ ಕೇಳೋದಿತ್ತು. ಈಗ ನೀನೇ ಕೇಳು," ಅಂದರು ಅಂಕಲ್. ನಾನು ಹೋಗಿ ಕಾರಲ್ಲಿ ಕೂತೆ.

೩. ನೂರಕ್ಕೆ ನೂರು

ಮೂರನೆಯದು ಎತ್ತರ ಸರಿ, ಮಡಿಕೆ ಸರಿ, ಮೂತಿನೂ ಸರಿ. ಕಿಟಕಿಗೆಲ್ಲ ಪರದೆ, ಒಳಗೇನೂ ಕಾಣದು. ಈ ಸಲ ಆಂಟಿನೂ ಜೊತೆಗೆ ಬಂದಿದ್ದರು. ಅರ್ಧ ಗಂಟೇಲಿ ಇನ್ನೊಬ್ಬ ಗಿರಾಕಿ ಬರ್ತಾನೆ ಅಂದ ಮಾರುವವನು.

"ನಿಮ್ಮ ಆಂಟಿ ಉಳಿತಾಯ ಎಲ್ಲಾ ಇದಕ್ಕ ಹೊಂಟದ. ಹೌದೋ, ಅಲ್ಲೋ?" ಅಂಕಲ್ ಪೆನ್ನು ತೆಗೆದರು.

ನಾನು ಬಿಡ್ತೀನಾ? "ನೂರಕ್ಕೆ ನೂರು ಅಸಲಿ!"

ಪೆನ್ನು ಚೆಕ್ಕಿಗೆ ತಾಗಿತು. ಅಷ್ಟರಲ್ಲಿ ಆಂಟಿ, ಶುಭವಾಗಲಿ ಅಂತ, ಮನೆ ಫ್ರಿಜ್ ಮೇಲಿದ್ದ ಗಣಪನ ಮ್ಯಾಗ್ನೆಟ್ ತಂದು ವ್ಯಾನಿನ ಬಾಗಿಲಿಗೆ ಅಂಟಿಸಿದರು. ಪಟ್! ಬಿತ್ತು. ಸೆರಗಲ್ಲಿ ಒರೆಸಿ ಮತ್ತೆ ಅಂಟಿಸಿದರು. ಮತ್ತೆ ಬಿತ್ತು.

"ರೀ, ಗಣಪ್ಪ ಒಲ್ಲೆ ಅನ್ನಾಕತ್ಯಾನ!"

ಅಸಲಿ ಉಕ್ಕಿನ ತಗಡಾಗಿದ್ದರೆ ಮ್ಯಾಗ್ನೆಟ್ ಹಿಡೀಬೇಕಲ್ಲ! ಬೆರಳಲ್ಲಿ ತಟ್ಟಿದೆ, ಟೊಕ್ ಟೊಕ್. ಈಗಿನ ಕಾಲದ ವ್ಯಾನಿಗೆ ಫೈಬರ್ ಮುಖವಾಡ!

"ಫೈಬರ್! ಕಂಡುಹಿಡಿದುಬಿಟ್ಟೆ ಅಂಕಲ್!" ಅಂತ ಕೂಗಿದೆ.

"ವಿಂಟೇಜ್ ಸ್ಟೈಲ್ ಅಂತಲೇ ಹೇಳಿದ್ದೆನಲ್ಲ," ಅಂದ ಮಾರುವವನು.

ಅಂಕಲ್ ಪೆನ್ನು ಮುಚ್ಚಿದರು. ನನ್ನನ್ನೊಮ್ಮೆ, ಗಣಪನನ್ನೊಮ್ಮೆ ನೋಡಿದರು. "ಕಂಡುಹಿಡದಾಂವ ಯಾರು ಅಂತ ಎಲ್ಲಾರೂ ನೋಡೀವಲ್ಲ!"

ವಾಪಸ್ ಬರುವಾಗ ಅಂಕಲ್ ಪಕ್ಕದ ಮುಂದಿನ ಸೀಟಲ್ಲಿ ಗಣಪ, ಬೆಲ್ಟ್ ಸಮೇತ. ನಡುವಿನ ಸಾಲಲ್ಲಿ ಆಂಟಿ. ನನಗೆ ಕೊಟ್ಟದ್ದು ಮಿನಿವ್ಯಾನಿನ ಕೊನೇ ಸಾಲು.