ಮೊಳೆ ಇಲ್ಲದ ಬೆಂಚು

ಮಾರೇಶನ ನಾಚಿಕೆಗೆ ಮೂಲ ಒಂದು ಬೆಂಚು.

ಅದನ್ನು ಮಾಡಿದವನು ಅವನಪ್ಪ. ಎತ್ತಿನ ಬಂಡಿ ಮುರಿದಾಗ ಹಲಗೆಗಳನ್ನು ಒಲೆಗೆ ಹಾಕಲು ಮನಸ್ಸಾಗದೆ, ತಾನೇ ಉಳಿ ಹಿಡಿದು ಜೋಡಿಸಿದ್ದ. ಅಪ್ಪ ಹೋಗಿ ಆರು ವರ್ಷವಾಗಿತ್ತು. ಬೆಂಚು ಮಾತ್ರ ಚಿತ್ತವಾಡ್ಗಿಯ ಆ ಪುಟ್ಟ ಪಡಸಾಲೆಯಲ್ಲಿ ಅಲ್ಲಾಡದೆ ಕೂತಿತ್ತು. ಅದರ ಜೊತೆಗೆ ಎರಡು ಪ್ಲಾಸ್ಟಿಕ್ ಕುರ್ಚಿ, ಒಂದರ ಕಾಲಿಗೆ ತಂತಿ ಸುತ್ತಿದ್ದು. ಮೂವತ್ತೊಂದು ವರ್ಷದ ಮಾರೇಶನ ಕಣ್ಣಿಗೆ ಇದ್ಯಾವುದೂ ಇದುವರೆಗೆ ಚುಚ್ಚಿರಲಿಲ್ಲ. ಆದರೆ ಆ ಭಾನುವಾರ ಎಮ್ಮಿಗನೂರಿನಿಂದ ಹೆಣ್ಣಿನ ಕಡೆಯವರು ಮನೆ ನೋಡಲು ಬರುವವರಿದ್ದರು.

ಹುಡುಗಿ ಯಶೋಧರಾ, ಕಂಪ್ಲಿಯಲ್ಲಿ ನರ್ಸ್. ಹದಿನೈದು ದಿನದ ಹಿಂದೆ ಅವಳನ್ನು ನೋಡಿ ಬಂದಾಗಿನಿಂದ ಮಾರೇಶ ಸ್ಟೀಲ್ ಕಾರ್ಖಾನೆಯ ಕ್ರೇನಿನಲ್ಲಿ ಕೂತರೆ ಇಳಿಯುವುದನ್ನೇ ಮರೆಯುತ್ತಿದ್ದ. ಅವಳೂ ಒಲ್ಲೆ ಅಂದಿರಲಿಲ್ಲ. ಇನ್ನು ಉಳಿದದ್ದು ಮನೆ ನೋಡುವ ಶಾಸ್ತ್ರ. ಹುಡುಗ ಹಿಡಿಸಿದರೂ ಮನೆ ಹಿಡಿಸದೆ ಚಹಾ ಕುಡಿದು ಎದ್ದು ಹೋದವರು ನಮ್ಮ ಕಡೆ ಬೇಕಾದಷ್ಟಿದ್ದಾರೆ. ಅದರಲ್ಲೂ ಹುಡುಗಿಯ ಅಪ್ಪ ಪಕೀರಪ್ಪ ಬಡಗಿ ಕೆಲಸದವರು.

"ಅವ್ವಾ, ಈ ಬೆಂಚ್ ನೋಡಿದ್ರ ಅವ್ರು ನಗ್ತಾರ."

"ನಕ್ಕರ ನಗ್ಲಿ ಬಿಡೋ. ಕುಂತ್ರ ಮುರೀದಿದ್ರ ಸಾಕು," ಅಂದಳು ದುರ್ಗಕ್ಕ, ಹೋಳಿಗೆಯ ಹೂರಣ ರುಬ್ಬುತ್ತ.

ಈ ಮಾತು ಪಕ್ಕದ ಮನೆಯ ಜಂಬಪ್ಪನಿಗೆ ಕೇಳಿತು. ಆ ಓಣಿಯಲ್ಲಿ ಕೇಳದಿರುವ ಮಾತೇ ಇಲ್ಲ.

"ಲೇ ಮಾರೇಶ, ನಮ್ಮ ಸೋಫಾ ಏನ್ ಪೂಜಿ ಮಾಡಾಕ ಐತೇನು? ಒಯ್ಯಲೇ!"

ಜಂಬಪ್ಪನ ಮದುವೆ ವಯಸ್ಸಿನ ಮಗ ದುರುಗೇಶನೂ ಮಾರೇಶನೂ ಸೇರಿ ಕೆಂಪು ರೆಕ್ಸಿನ್ ಸೋಫಾ ಹೊತ್ತು ತಂದರು. ಅದು ಬಾಗಿಲಲ್ಲಿ ಹಿಡಿಯದೆ, ಒಳಗೂ ಬಾರದೆ ಹೊರಗೂ ಹೋಗದೆ, ಗಬ್ಬದ ಎಮ್ಮೆಯಂತೆ ಅಡ್ಡ ನಿಂತಿತು. ಅರ್ಧ ಗಂಟೆ ನೂಕಿದ ಮೇಲೆ ಚೌಕಟ್ಟಿನ ಬಣ್ಣ ಕಿತ್ತುಕೊಂಡು ಒಳಗೆ ಬಂತು. ಬೆಂಚನ್ನು ಜಂಬಪ್ಪನ ಖಾಲಿಯಾದ ಪಡಸಾಲೆಗೆ ಸಾಗಿಸಿದರು, ಕುರ್ಚಿಗಳನ್ನು ಹಿತ್ತಲಿಗೆ.

ಜಂಬಪ್ಪನ ಸೋಫಾ ಹೋಗಿದೆ ಎಂದರೆ ಎದುರು ಮನೆಯ ಹೊಳೆಮ್ಮ ಸುಮ್ಮನಿರುತ್ತಾಳೆಯೇ? ಕೆತ್ತನೆಯ ದಿವಾನ ಬಂತು. ಹೊಳೆಮ್ಮ ಕೊಟ್ಟಳು ಎಂದ ಮೇಲೆ ಮೂಲೆಮನೆಯ ಗಂಗೋತ್ರಿ ಟೀಚರ್ ಗಾಜಿನ ಟೀಪಾಯಿ ತಂದರು. ಅದು ಸಾಲದೆಂದು, ಕಬ್ಬಿಣದ ಕಂಬಕ್ಕೆ ನೇತುಹಾಕಿದ ಬುಟ್ಟಿಯಂಥ ಜೋಕಾಲಿ ಕುರ್ಚಿಯನ್ನೂ ತಂದರು.

"ಟೀಚರ್, ಒಂದಕ್ಕೊಂದು ಹೊಂದಂಗಿಲ್ಲಲ್ರೀ," ಅಂದ ಮಾರೇಶ.

"ಈಗ ಹಿಂಗ ಕಲಸೋದ ಫ್ಯಾಶನ್ ಐತಿ. ನೀ ಮೊಬೈಲಿನ್ಯಾಗ ನೋಡಂಗಿಲ್ಲೇನು?"

ಮಾರೇಶ ಸುತ್ತ ನೋಡಿದ. ಮನೆ ನಾಲ್ಕು ಮದುವೆ ದಿಬ್ಬಣ ಒಂದೇ ಬಸ್ಸಿಗೆ ಹತ್ತಿದಂತಿತ್ತು. ಕೊಟ್ಟವರು ಯಾರೂ ಮನೆಗೆ ಹೋಗಲಿಲ್ಲ. ತಮ್ಮ ತಮ್ಮ ಸಾಮಾನಿನ ಪಕ್ಕ ಕಾವಲು ನಿಂತರು.

ಹನ್ನೊಂದಕ್ಕೆ ಪಕೀರಪ್ಪ, ಅವರ ಅಕ್ಕ ಎರ್ರೆಮ್ಮ ಬಂದರು. ಎರ್ರೆಮ್ಮ ಜಾಗವಿಲ್ಲದೆ ಜೋಕಾಲಿಯಲ್ಲಿ ಕೂತರು. ಅದು ನಿಧಾನವಾಗಿ ತಿರುಗಿ ಅವರ ಮುಖವನ್ನು ಗೋಡೆಗೆ ಮಾಡಿ ನಿಂತಿತು. ಕಾಲು ನೆಲಕ್ಕೆ ಎಟಕುತ್ತಿರಲಿಲ್ಲ. ಹಾಗೆಯೇ, ಗೋಡೆಯ ಕ್ಯಾಲೆಂಡರಿಗೆ, "ಹುಡುಗಗ ಪಗಾರ ಎಷ್ಟು?" ಎಂದು ಕೇಳಿದರು.

ಪಕೀರಪ್ಪ ಸೋಫಾದ ಮೇಲೆ ಕೂತರು.

"ಈ ಕಡಿ ಸರೀರಿ," ಅಂದ ಜಂಬಪ್ಪ ಗಾಬರಿಯಾಗಿ. "ಅಲ್ಲಿ ಸ್ಪ್ರಿಂಗ್ ಹೋಗೈತಿ, ನಮ್ಮಾಕಿ ದಿನಾ ಅಲ್ಲೇ ಕುಂದರ್ತಾಳ."

ಪಕೀರಪ್ಪ ಸರಿದು ಕೂತು, ಚಹಾದ ಕಪ್ಪನ್ನು ಟೀಪಾಯಿಯ ಮೇಲೆ ಇಡಲು ಹೋದರು. "ಬಿಸಿದು ಇಡಬ್ಯಾಡ್ರಿ ಸರ್, ಗಾಜು!" ಎಂದು ಗಂಗೋತ್ರಿ ಕೂಗಿದರು. ಪಕೀರಪ್ಪ ಸುಡುವ ಕಪ್ಪನ್ನು ಕೈಯಿಂದ ಕೈಗೆ ಬದಲಾಯಿಸುತ್ತ ಕೂತರು. ಮಾರೇಶನ ಕಿವಿ ಕೆಂಪಾಯಿತು.

ಅಷ್ಟರಲ್ಲಿ ಬನಿಯನ್ ಹಾಕಿದ ಮುದುಕರೊಬ್ಬರು ಒಳಗೆ ಬಂದು, ಯಾರನ್ನೂ ನೋಡದೆ ದಿವಾನದ ಮೇಲೆ ಮಲಗಿ ಕಣ್ಣು ಮುಚ್ಚಿದರು. ಹೊಳೆಮ್ಮನ ಮಾವ ಅಂಜಿನಯ್ಯ. ಅದು ಅವರು ಮಲಗುವ ಹೊತ್ತು.

"ಇವರು?" ಎಂದರು ಪಕೀರಪ್ಪ.

"ನಮ್ಮ... ದೊಡ್ಡಪ್ಪಾರು," ಅಂದ ಮಾರೇಶ.

"ಮಾವಾ! ಅದು ಅವ್ರ ಮನಿ, ಏಳ್ರಿ!" ಎಂದು ಹೊಳೆಮ್ಮ ಬಾಗಿಲಿಂದ ಚೀರಿದಳು.

"ದಿವಾನ ನಂದಲ್ಲೇನು? ಅದು ಎಲ್ಲೈತೋ ನಾ ಅಲ್ಲೇ," ಎಂದು ಅಂಜಿನಯ್ಯ ಗೋಡೆಯ ಕಡೆ ಹೊರಳಿ ಗೊರಕೆ ಶುರು ಮಾಡಿದರು.

ಪಕೀರಪ್ಪ ಸೋಫಾ, ದಿವಾನ, ಟೀಪಾಯಿ, ಅಕ್ಕನ ಬೆನ್ನು, ಎಲ್ಲವನ್ನೂ ಒಮ್ಮೆ ನೋಡಿ ತಲೆ ತಗ್ಗಿಸಿದರು. ಅವರು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ನೆಲ ಬಾಯಿ ಬಿಟ್ಟರೆ ಇಳಿದುಹೋಗಬಹುದು ಅಂದುಕೊಂಡ ಮಾರೇಶ, ಆದರೆ ನೆಲವೇ ಎಲ್ಲಿಯೂ ಕಾಣುತ್ತಿರಲಿಲ್ಲ.

ಊಟದ ಹೊತ್ತಿಗೆ ಅದೇ ತೊಂದರೆಯಾಯಿತು. ಎಲೆ ಹಾಕಲು ಒಂದು ಮೊಳ ಜಾಗವಿಲ್ಲ.

"ನಮ್ಮ ಪಡಸಾಲಿ ಖಾಲಿ ಐತಿ, ಬರ್ರಿ," ಅಂದ ಜಂಬಪ್ಪ.

ಎಲ್ಲರೂ ಪಕ್ಕದ ಮನೆಗೆ ನಡೆದರು. ಹೊಸ್ತಿಲು ದಾಟಿದ ಪಕೀರಪ್ಪ ಬೆಂಚನ್ನು ಕಂಡು ಅಲ್ಲೇ ನಿಂತರು. ಮಂಡಿಯೂರಿ ಕೂತು ಅದರ ಅಡಿಗೆ ಕೈ ಹಾಕಿ ಸವರಿದರು. ಅಲ್ಲಾಡಿಸಿದರು. ಕನ್ನಡಕ ತೆಗೆದು ಮತ್ತೆ ನೋಡಿದರು.

"ಇದು ಯಾರ್ದು?"

ದುರ್ಗಕ್ಕ ಸೌಟು ಹಿಡಿದುಕೊಂಡೇ ಬಾಯಿ ತೆರೆದಳು. ಬೆಳಗಿನಿಂದ ನಾಚಿ ನಾಚಿ ಸುಣ್ಣವಾಗಿದ್ದ ಮಾರೇಶನಿಗೆ ಇನ್ನೊಂದು ಅವಮಾನ ತಡೆಯುವ ಶಕ್ತಿ ಇರಲಿಲ್ಲ.

"ನಮ್ದಲ್ರೀ!" ಎಂದು ಕೂಗಿಬಿಟ್ಟ. "ನಮಗೂ ಅದಕ್ಕೂ ಸಂಬಂಧ ಇಲ್ಲ. ಇದು ಜಂಬಪ್ಪಾರ್ದು."

ಜಂಬಪ್ಪ ಒಮ್ಮೆ ಬೆಪ್ಪಾದ. ದುರ್ಗಕ್ಕ ತೆರೆದ ಬಾಯಿ ಮುಚ್ಚಿ ಮಗನನ್ನು ನೋಡಿದಳು. ಆ ನೋಟದ ಮುಂದೆ ಮಾರೇಶನ ಕಣ್ಣು ಹೋಳಿಗೆಯ ತಟ್ಟೆಗೆ ಇಳಿಯಿತು.

"ಒಂದ ಮೊಳಿ ಇಲ್ಲಲ್ಲ!" ಅಂದರು ಪಕೀರಪ್ಪ. "ಬರೇ ಕಟ್ಟಿಗಿ ಗೂಟ ಬಡದು ಕೂಡ್ಸ್ಯಾರ. ನನ್ನ ಗುರುಗಳು ಹೋದ ಮ್ಯಾಲ ಇಂಥ ಕೆಲ್ಸ ನಾ ನೋಡಿಲ್ಲ."

ಊಟವಾದ ಮೇಲೆ ಬೆಂಚಿನ ಮೇಲೆ ಕೂತ ಪಕೀರಪ್ಪ ಏಳಲೇ ಇಲ್ಲ. ನೀರು ಕೊಡುತ್ತಿದ್ದ ದುರುಗೇಶನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದೂ ಇದೂ ಕೇಳಿದರು. ಹೊರಡುವಾಗ ಮಾರೇಶನಿಗೆ, "ಫೋನ್ ಮಾಡ್ತೀವಪಾ," ಅಂದರು.

ಸಂಜೆ ಮಾರೇಶ ಒಬ್ಬನೇ ಸೋಫಾವನ್ನು ಬಾಗಿಲ ಕಡೆ ಎಳೆಯುತ್ತಿದ್ದಾಗ ಜಂಬಪ್ಪ ಪೇಡೆ ಡಬ್ಬಿ ಹಿಡಿದು ಬಂದ. ಮುಖ ಮಾತ್ರ ಹೊರಗೆ ಓಣಿಯ ಕಡೆಗಿತ್ತು.

"ಪಕೀರಪ್ಪಾರು ಫೋನ್ ಮಾಡಿದ್ರಪಾ. ಹಿರೇರು ಮಾಡಿದ್ದನ್ನ ಜ್ವಾಪಾನ ಮಾಡೋ ಮನಿ, ನನ್ನ ಮಗಳನ್ನೂ ಜ್ವಾಪಾನ ಮಾಡ್ತೈತಿ ಅಂದ್ರು. ಬರೋ ಐತಾರ ನಮ್ಮ ದುರುಗೇಶನ್ನ ಕರ್ಕೊಂಡು ಹುಡುಗಿ ನೋಡಾಕ ಬರ್ರಿ ಅಂದಾರ."

ಮಾರೇಶನ ಕೈಯಿಂದ ಸೋಫಾ ಜಾರಿತು.

"ಕಾಕಾ, ಆ ಬೆಂಚು..."

"ಹೂಂ, ಅದೂ ಕೇಳಿದ್ರು, ಯಾರು ಮಾಡಿದ್ದು ಅಂತ. ನಮ್ಮಪ್ಪ ಅಂದ್ಬಿಟ್ಟೆ. ನಾ ಏನ್ ಮಾಡ್ಲಿ, ನೀನ ಎಲ್ಲಾರ ಮುಂದ ಹೇಳಿದ್ಯಲ್ಲೋ." ಜಂಬಪ್ಪ ಡಬ್ಬಿಯನ್ನು ಟೀಪಾಯಿಯ ಮೇಲಿಟ್ಟ. "ಮದುವಿ ಆಗೋತನಕ ಬೆಂಚ್ ನಮ್ಮಲ್ಲೇ ಇರ್ಲಿ. ಈ ಸೋಫಾ ನೀನ ಇಟ್ಕೋ. ರೆಕ್ಸಿನ್ ಕಂಡ್ರ ಬೀಗರಿಗೆ ಆಗಂಗಿಲ್ಲಂತ."

ಅವನು ಹೋದ. ದಿವಾನದ ಮೇಲೆ ಅಂಜಿನಯ್ಯನವರ ಗೊರಕೆ ಇನ್ನೂ ನಡೆದಿತ್ತು. ಮಾರೇಶ ಸ್ಪ್ರಿಂಗ್ ಹೋದ ಕಡೆಯೇ ಕೂತು ಒಳಕ್ಕೆ ಕುಸಿದ. ಅಡುಗೆಮನೆಯ ಬಾಗಿಲಲ್ಲಿ ನಿಂತ ದುರ್ಗಕ್ಕನ ಮುಖವನ್ನು ನೋಡುವ ಧೈರ್ಯ ಅವನಿಗೆ ಬರಲಿಲ್ಲ.

"ಹುಡುಗಿ ಹೋದ್ರ ಹೋಗ್ಲಿ, ಇನ್ನೊಬ್ಬಾಕಿ ಸಿಗ್ತಾಳ," ಅಂದಳು ಅವಳು. "ನಿಮ್ಮಪ್ಪನ್ನ ನಮ್ಮೋನಲ್ಲ ಅಂದ್ಯಲ್ಲೋ."